ಲರೇಡೋದಲ್ಲಿ ಬೇಸ್‌ಬಾಲ್ ಶುರುವಾಗಿದ್ದು ಯಾವಾಗ? ನದಿಯ ಎರಡು ದಡದ ಕ್ಲಬ್‌ಗಳ ಬಗ್ಗೆ ಒಂದು ಚರ್ಚೆ

ಹಳೇನಕ್ಷೆ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಕೆಲವು ವರ್ಷಗಳಿಂದ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಇದ್ದೇನೆ. ಇಲ್ಲಿಂದ ದಕ್ಷಿಣಕ್ಕೆ ಸುಮಾರು 250 ಕಿಲೋಮೀಟರ್ ಹೋದರೆ ಲರೇಡೋ. ಅಲ್ಲಿಗೆ ಅಮೆರಿಕ ಮುಗಿಯಿತು. ನದಿ ದಾಟಿದರೆ ಮೆಕ್ಸಿಕೋದ ನುವೆವೊ ಲರೇಡೋ. ನದಿಗೂ ಎರಡು ಹೆಸರು. ಈ ಕಡೆಯವರಿಗೆ ರಿಯೊ ಗ್ರಾಂಡೆ, ಆ ಕಡೆಯವರಿಗೆ ರಿಯೊ ಬ್ರಾವೊ.

ಹೋದ ಬೇಸಿಗೆಯಲ್ಲಿ ಅಲ್ಲೊಂದು ಬೇಸ್‌ಬಾಲ್ ಪಂದ್ಯ ನೋಡಿದೆ. ತಂಡದ ಹೆಸರು 'ತೆಕೊಲೋತೆಸ್ ದೆ ಲೋಸ್ ದೋಸ್ ಲರೇಡೋಸ್', ಅಂದರೆ ಎರಡು ಲರೇಡೋಗಳ ಗೂಬೆಗಳು. ತಂಡ ಆಡುವುದು ಮೆಕ್ಸಿಕನ್ ಲೀಗ್‌ನಲ್ಲಿ. ಆದರೆ ತವರಿನ ಪಂದ್ಯಗಳಲ್ಲಿ ಕೆಲವು ಅಮೆರಿಕದ ಮೈದಾನದಲ್ಲಿ, ಕೆಲವು ಮೆಕ್ಸಿಕೋದ ಮೈದಾನದಲ್ಲಿ ನಡೆಯುತ್ತವೆ. ಆಟಕ್ಕೆ ಮೊದಲು ಎರಡೂ ದೇಶದ ರಾಷ್ಟ್ರಗೀತೆ ಹಾಡಿದರು. ಎರಡಕ್ಕೂ ಅದೇ ಜನ ಎದ್ದು ನಿಂತಿದ್ದರು, ಎರಡಕ್ಕೂ ಎದೆ ಮೇಲೆ ಕೈ. ನನಗೆ ಮೈ ಜುಂ ಅಂದಿತು.

ಪಕ್ಕದಲ್ಲಿ ಒಬ್ಬ ಅಜ್ಜ ಕೂತಿದ್ದರು. ಇಡೀ ಮೆಕ್ಸಿಕೋಗೆ ಬೇಸ್‌ಬಾಲ್ ಬಂದಿದ್ದೇ ನಮ್ಮೂರಿನಿಂದ, 1877ರಲ್ಲಿ, ಅಂದರು. ಹಳೇ ವಿಷಯ ಅಂದರೆ ನನಗೆ ನಿದ್ದೆ ಬರುವುದಿಲ್ಲ. ಮನೆಗೆ ಬಂದು ಹುಡುಕಿದರೆ ಇದೇ ಮಾತು ಹೇಳುವ ಊರುಗಳು ಮೂರ್ನಾಲ್ಕು ಇವೆ. ಪೆಸಿಫಿಕ್ ಕಡೆಯ ಗ್ವಾಯ್ಮಾಸ್ ಬಂದರಿನವರದೂ 1877. ಅಮೆರಿಕದ ಹಡಗೊಂದರ ನಾವಿಕರು ದಡಕ್ಕಿಳಿದು ಆಡಿದರಂತೆ. ನುವೆವೊ ಲರೇಡೋದವರು ಹೇಳುವ ಪ್ರಕಾರ, ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೊರಗಿನವನು ಊರಿನವರಿಗೆ ಆಟ ಕಲಿಸಿದ. ಮಾಂಟೆರೇ ಪಕ್ಕದ ಕಾದೆರೇಯ್ತಾದವರು 1889ರ ಜುಲೈ 4 ಅಂತ ದಿನವನ್ನೂ ಕೊಡುತ್ತಾರೆ. ಹಲಾಪಾದವರು ಇನ್ನೂ ಹಿಂದೆ, 1847ಕ್ಕೇ ಹೋಗುತ್ತಾರೆ.

ಯಾವುದನ್ನು ನಂಬಬಹುದು? ಇಲ್ಲಿ ರೈಲ್ವೆ ಬಲ್ಲವರು, ಇತಿಹಾಸ ಓದಿದವರು ಇದ್ದೀರಿ. ದಯವಿಟ್ಟು ಹೇಳಿ.

ರೈಲುಹಳಿ

ತಮ್ಮಾ, ನಾನು ಹುಬ್ಬಳ್ಳಿಯವನು, ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು. ಬೇಸ್‌ಬಾಲ್ ನನಗೆ ಗೊತ್ತಿಲ್ಲ. ಹಳಿ ಎಲ್ಲಿ ಯಾವಾಗ ಬಿತ್ತು ಅನ್ನುವುದು ಗೊತ್ತು. ಹಾಗಾಗಿ ಆ 1877ರ ಬಗ್ಗೆ ಒಂದು ಮಾತು.

ಲರೇಡೋಗೆ ರೈಲು ಬಂದಿದ್ದು 1881ರಲ್ಲಿ. ಅದೂ ಒಂದೇ ವರ್ಷದಲ್ಲಿ ಎರಡು ಕಡೆಯಿಂದ. ಪೂರ್ವದ ಕಾರ್ಪಸ್ ಕ್ರಿಸ್ಟಿ ಬಂದರಿನಿಂದ ಒಂದು ನ್ಯಾರೋ ಗೇಜ್ ಹಳಿ, ಉತ್ತರದ ಸ್ಯಾನ್ ಆಂಟೋನಿಯೊದಿಂದ ಇಂಟರ್‌ನ್ಯಾಷನಲ್ ಅಂಡ್ ಗ್ರೇಟ್ ನಾರ್ದರ್ನ್ ಕಂಪನಿಯ ಹಳಿ. ಕಾರ್ಪಸ್ ಕ್ರಿಸ್ಟಿಯ ಹಳಿ 1875ರಲ್ಲಿ ಶುರುವಾದರೂ 1879ರ ಹೊತ್ತಿಗೆ ಟೆಕ್ಸಾಸ್‌ನದೇ ಸ್ಯಾನ್ ಡಿಯಾಗೋ ಎಂಬ ಸಣ್ಣ ಊರಿಗೆ ಬಂದು ನಿಂತಿತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಅಲ್ಲ, ಇದು ಬೇರೆ. ಅಲ್ಲಿಂದ ಲರೇಡೋ ಇನ್ನೂ ನೂರೈವತ್ತು ಕಿಲೋಮೀಟರ್ ಹತ್ತಿರ. ನದಿಯ ಆಚೆ ಕಡೆ ಮೆಕ್ಸಿಕನ್ ನ್ಯಾಷನಲ್ ರೈಲ್ವೆ ನುವೆವೊ ಲರೇಡೋದಿಂದ ಮಾಂಟೆರೇ ಮುಟ್ಟಿದ್ದು 1882ರಲ್ಲಿ. ಮೆಕ್ಸಿಕೋ ನಗರದವರೆಗೆ ಪೂರ್ತಿ ಹಳಿ ಕೂಡಿದ್ದು 1888ರಲ್ಲಿ.

ಈಗ ನೀವೇ ಲೆಕ್ಕ ಹಾಕಿ. 1877ರಲ್ಲಿ ನುವೆವೊ ಲರೇಡೋದಲ್ಲಿ ರೈಲ್ವೆ ನೌಕರ ಎಲ್ಲಿಂದ ಬಂದ? ಸರ್ವೇ ಮಾಡುವವರು ಒಬ್ಬಿಬ್ಬರು ಕುದುರೆ ಮೇಲೆ ಬಂದಿರಬಹುದು. ಆದರೆ ಒಂದು ಕಡೆಗೆ ಒಂಬತ್ತು ಜನ ಬೇಕಾದ ಆಟ ಇದು. ಕೂಲಿಯವರು, ಮೇಸ್ತ್ರಿ, ಫಿಟ್ಟರ್, ಗುಮಾಸ್ತರು ಎಲ್ಲಾ ಒಂದೇ ಕಡೆ ಬೀಡು ಬಿಟ್ಟಾಗ ತಂಡ ಕಟ್ಟಬಹುದು. ಅಂಥ ಬೀಡು ಅಲ್ಲಿ 1881ಕ್ಕಿಂತ ಮೊದಲು ಇರಲು ಸಾಧ್ಯವಿಲ್ಲ. ನನ್ನ ಪ್ರಕಾರ ಕಥೆ ನಿಜ, ಇಸವಿ ತಪ್ಪು.

ಗೋಡೆಗಡಿಯಾರ

ಹಲಾಪಾದ 1847ರ ಕಥೆ ಏನು? ಅದನ್ನು ಯಾರಾದರೂ ಬಿಡಿಸಿ ಹೇಳಿ.

ಇತಿಹಾಸದ ಮೇಷ್ಟ್ರು

ಅಮೆರಿಕ ಮತ್ತು ಮೆಕ್ಸಿಕೋ ಯುದ್ಧದ ಕಾಲದ ಕಥೆ ಅದು. ಮೆಕ್ಸಿಕೋದ ಜನರಲ್ ಸಾಂತಾ ಅನ್ನಾ 1838ರಲ್ಲಿ ವೆರಾಕ್ರೂಸ್‌ನಲ್ಲಿ ಫ್ರೆಂಚರ ಜೊತೆ ನಡೆದ ಕಾಳಗದಲ್ಲಿ ಒಂದು ಕಾಲು ಕಳೆದುಕೊಂಡಿದ್ದರು. ಆಮೇಲೆ ಕೃತಕ ಕಾಲು ಹಾಕಿಕೊಂಡೇ ಯುದ್ಧಕ್ಕೆ ಹೋಗುತ್ತಿದ್ದರು. 1847ರ ಏಪ್ರಿಲ್‌ನಲ್ಲಿ ಹಲಾಪಾ ಹತ್ತಿರ ಸೆರ್ರೊ ಗೋರ್ಡೊ ಎಂಬಲ್ಲಿ ಸೋತು ಓಡಿದಾಗ ಆ ಕಾಲು ಅಲ್ಲೇ ಉಳಿಯಿತು. ಇಲಿನಾಯ್ ರಾಜ್ಯದ ಸೈನಿಕರ ಕೈಗೆ ಸಿಕ್ಕಿತು. ಇಂದಿಗೂ ಅದು ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ನ ಸೇನಾ ಸಂಗ್ರಹಾಲಯದಲ್ಲಿದೆ. ಇಷ್ಟು ನಿಜ. ಆ ಕಾಲನ್ನೇ ಬ್ಯಾಟ್ ಮಾಡಿಕೊಂಡು ಸೈನಿಕರು ಹಲಾಪಾದಲ್ಲಿ ಬೇಸ್‌ಬಾಲ್ ಆಡಿದರು ಅನ್ನುವುದು ಮಾತ್ರ ಜನರ ಬಾಯಲ್ಲಿ ಬೆಳೆದ ಕಥೆ.

ಇನ್ನೊಂದು ನೋಡಿ. ಈಗಿನ ಬೇಸ್‌ಬಾಲ್‌ಗೆ ಬುನಾದಿಯಾದ ನಿಯಮಗಳನ್ನು ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ ಬರೆದಿದ್ದು 1845ರಲ್ಲಿ. ಎರಡೇ ವರ್ಷದಲ್ಲಿ ಇಲಿನಾಯ್‌ನ ರೈತರ ಮಕ್ಕಳು ಅದನ್ನು ಕಲಿತು ಮೆಕ್ಸಿಕೋದಲ್ಲಿ ಆಡಿದರು ಅಂದರೆ ನಂಬುವುದು ಕಷ್ಟ. ಆಡಿದ್ದರೆ ಊರಿನ ಯಾವುದೋ ಹಳೇ ಚೆಂಡು-ಕೋಲಿನ ಆಟ ಆಡಿರಬೇಕು.

ಗಡಿಯಾಚೆ

ರೈಲುಹಳಿ ಸರ್, ನಿಮ್ಮ ಮಾತಿಗೆ ಅರ್ಧ ಒಪ್ಪುತ್ತೇನೆ. ರೈಲು ಬರುವ ಮೊದಲೂ ಲರೇಡೋದಲ್ಲಿ ಅಮೆರಿಕನ್ನರ ಒಂದು ದೊಡ್ಡ ಗುಂಪು ಇತ್ತು. ಸೈನಿಕರು. ಫೋರ್ಟ್ ಮ್ಯಾಕಿಂಟಾಷ್ ಎಂಬ ಸೇನಾ ಠಾಣೆ ಶುರುವಾಗಿದ್ದು 1849ರಲ್ಲಿ, ನದಿ ದಡದಲ್ಲೇ. ಅಮೆರಿಕದ ಅಂತರ್ಯುದ್ಧದಲ್ಲಿ ಶಿಬಿರದಿಂದ ಶಿಬಿರಕ್ಕೆ ಬೇಸ್‌ಬಾಲ್ ಹರಡಿತು ಅನ್ನುವುದು ಎಲ್ಲರೂ ಒಪ್ಪುವ ಮಾತು. ಯುದ್ಧ ಮುಗಿದ ಮೂರು ವರ್ಷಕ್ಕೆ, 1868ರ ಏಪ್ರಿಲ್ 21ರಂದು, ಟೆಕ್ಸಾಸ್‌ನ ಸ್ಯಾನ್ ಹಸಿಂಟೊ ಯುದ್ಧಭೂಮಿಯಲ್ಲಿ ಹ್ಯೂಸ್ಟನ್ನಿನ ಸ್ಟೋನ್‌ವಾಲ್ಸ್ ತಂಡ ಗ್ಯಾಲ್ವೆಸ್ಟನ್ನಿನ ರಾಬರ್ಟ್ ಇ. ಲೀಸ್ ತಂಡವನ್ನು 35-2ರಿಂದ ಸೋಲಿಸಿತ್ತು. ಅಂದರೆ 1877ರ ಹೊತ್ತಿಗೆ ಟೆಕ್ಸಾಸ್‌ಗೆ ಈ ಆಟ ಹೊಸದೇನಲ್ಲ.

ಹಾಗಾಗಿ ಇಸವಿ ಸರಿಯಾಗಿದ್ದು ಕಲಿಸಿದವನ ಕೆಲಸ ತಪ್ಪಾಗಿರಬಹುದು ಅಲ್ವಾ? ಸೈನಿಕನೋ, ವ್ಯಾಪಾರಿಯೋ ಕಲಿಸಿದ. ಮುಂದೆ ರೈಲಿನವರೇ ಜಾಸ್ತಿ ಆಡಿದ್ದರಿಂದ ಕಥೆಯಲ್ಲಿ ಅವನೂ ರೈಲಿನವನಾದ.

ರೈಲುಹಳಿ

ಇದು ಯೋಚನೆ ಮಾಡುವ ಮಾತು. ಒಪ್ಪಿದೆ, ಸೈನಿಕರನ್ನು ನಾನು ಮರೆತಿದ್ದೆ. ಆದರೂ ಸಿಪಾಯಿಗಳು ಠಾಣೆಯೊಳಗೆ ತಮ್ಮ ತಮ್ಮಲ್ಲೇ ಆಡಿದರೆ ಅದು ಊರಿನ ಆಟ ಆಗುವುದಿಲ್ಲ. ಊರಿನ ಹುಡುಗರು ಸೇರಿ, ಒಂದು ಹೆಸರಿಟ್ಟುಕೊಂಡು, ಚಂದಾ ಎತ್ತಿ, ಪಕ್ಕದ ಊರನ್ನು ಆಟಕ್ಕೆ ಕರೆದಾಗಲೇ ಕ್ಲಬ್. ಪಕ್ಕದ ಊರಿಗೆ ಹೋಗಿ ಆಡಿ ಸಂಜೆ ವಾಪಸ್ ಬರಬೇಕಾದರೆ ರೈಲು ಬೇಕು. ಆ ಸೀಮೆಯಲ್ಲಿ ಊರಿಂದ ಊರಿಗೆ ನೂರಾರು ಕಿಲೋಮೀಟರ್ ಒಣ ಕುರುಚಲು ಕಾಡು. ಮೊದಲ ಆಟ ಬೇರೆ, ಮೊದಲ ಕ್ಲಬ್ ಬೇರೆ. ಈ ಎರಡನ್ನು ಕಲಸಬಾರದು ಅನ್ನುವುದು ನನ್ನ ಮಾತು.

ರೈಲು ಬಂದ ಮೇಲೆ ಊರು ಹೇಗೆ ಬೆಳೆಯಿತು ನೋಡಿ. 1880ರ ಜನಗಣತಿಯಲ್ಲಿ ಲರೇಡೋದಲ್ಲಿ ಇದ್ದವರು ಸುಮಾರು 3,500 ಜನ. 1890ರಲ್ಲಿ 11,000ಕ್ಕೂ ಜಾಸ್ತಿ. ಹತ್ತು ವರ್ಷದಲ್ಲಿ ಮೂರು ಪಟ್ಟು! ವರ್ಕ್‌ಶಾಪ್, ಗೋದಾಮು, ಕಸ್ಟಮ್ಸ್ ಕಚೇರಿ, ಸಾಮಾನು ಇಳಿಸುವವರು, ಏರಿಸುವವರು. ಸಂಬಳದ ದಿನ ಗೊತ್ತು, ರಜೆಯ ದಿನ ಗೊತ್ತು. ನಾನು ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಶಿಫ್ಟ್ ಮುಗಿದ ಮೇಲೆ ಸಿಗುವ ಆ ಎರಡು ಗಂಟೆ ಇದೆಯಲ್ಲ, ಆಟದ ತಂಡ ಹುಟ್ಟುವುದೇ ಅಲ್ಲಿ.

ಹಳೇನಕ್ಷೆ

"ಮೊದಲ ಆಟ ಬೇರೆ, ಮೊದಲ ಕ್ಲಬ್ ಬೇರೆ." ಸರ್, ಇದು ನನಗೆ ಹೊಳೆದೇ ಇರಲಿಲ್ಲ. ತುಂಬಾ ಧನ್ಯವಾದ.

ಹಾಗಾದರೆ ಕಾದೆರೇಯ್ತಾದ ಕಥೆ?

ಗಡಿಯಾಚೆ

ಅದು ಈ ಎಲ್ಲದರಲ್ಲಿ ಗಟ್ಟಿಯಾಗಿ ನಿಲ್ಲುವ ಕಥೆ. ಮಾಂಟೆರೇಯಿಂದ ಗಲ್ಫ್ ಕಡಲಿನ ತಾಂಪಿಕೊ ಬಂದರಿಗೆ ಹಳಿ ಹಾಕಿಸಿದವರು ಕರ್ನಲ್ ಜೋಸೆಫ್ ರಾಬರ್ಟ್‌ಸನ್ ಎಂಬ ಅಮೆರಿಕನ್. 1889ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಅಂದು ಕೆಲಸಗಾರರಿಗೆ ರಜೆ ಕೊಟ್ಟರು, ಕಾದೆರೇಯ್ತಾ ಹತ್ತಿರದ ಸ್ಯಾನ್ ಹುವಾನ್ ಸ್ಟೇಷನ್ ಬಳಿ ಆಟ ಆಡಿಸಿದರು ಅನ್ನುತ್ತಾರೆ. ಇಲ್ಲಿ ಹಳಿ ಕೆಲಸ ನಡೆಯುತ್ತಿದ್ದ ಕಾಲಕ್ಕೂ ಆಟದ ದಿನಕ್ಕೂ ತಾಳೆ ಆಗುತ್ತದೆ. ರೈಲುಹಳಿ ಸರ್ ಹೇಳಿದ ಬೀಡು ಅಲ್ಲಿ ಇತ್ತು. ಇದೇ ರಾಬರ್ಟ್‌ಸನ್ ಮೊಂತೆಮೊರೆಲೋಸ್ ಸೀಮೆಯಲ್ಲಿ ಕಿತ್ತಳೆ ತೋಟ ಹಾಕಿಸಿದವರು. ಅಲ್ಲಿ ಇವತ್ತಿಗೂ ಕಿತ್ತಳೆಯೇ ಬೆಳೆ.

ಆದರೆ ಇದೇ ಇಡೀ ಮೆಕ್ಸಿಕೋದ ಮೊದಲ ಆಟ ಅನ್ನುವುದನ್ನು ನಾನು ಒಪ್ಪುವುದಿಲ್ಲ. 1880ರ ದಶಕದಲ್ಲೇ ಮೆಕ್ಸಿಕೋ ನಗರದಲ್ಲಿ ಅಮೆರಿಕದ ರೈಲ್ವೆ ನೌಕರರು ಆಡುತ್ತಿದ್ದರು. ಇನ್ನು ಯುಕಾತಾನ್ ಕಡೆಗೆ ಆಟ ಬಂದಿದ್ದು ಅಮೆರಿಕದಿಂದಲೇ ಅಲ್ಲ, ಕ್ಯೂಬಾದಿಂದ ಕಡಲು ದಾಟಿ. ಒಂದೇ ತವರು ಹುಡುಕಿದರೆ ಸಿಗುವುದಿಲ್ಲ. ರೈಲಿನಿಂದ, ಹಡಗಿನಿಂದ, ಠಾಣೆಯಿಂದ, ಬೇರೆ ಬೇರೆ ಬಾಗಿಲಿನಿಂದ ಒಳಗೆ ಬಂದ ಆಟ ಇದು.

ಈರುಳ್ಳಿ ಹೊಲ

ನಾನು ಇಲ್ಲಿ ಬರೆಯುವುದು ಕಮ್ಮಿ. ಆದರೆ ಲರೇಡೋ ಅಂದ ತಕ್ಷಣ ಬರೆಯಲೇಬೇಕು ಅನ್ನಿಸಿತು. ನಮ್ಮದು ಗದಗ ಕಡೆ, ಈರುಳ್ಳಿ ಬೆಳೆಯುವ ಮನೆ. ಕೃಷಿ ಕಾಲೇಜಿನಲ್ಲಿ ಈರುಳ್ಳಿ ತಳಿಗಳ ಬಗ್ಗೆ ಓದುವಾಗ ಈ ಊರಿನ ಹೆಸರು ಬಂದಿತ್ತು.

1890ರ ದಶಕದ ಕೊನೆಗೆ ಲರೇಡೋದ ರೈತ ಟಿ. ಸಿ. ನೈ ಬರ್ಮುಡಾ ಈರುಳ್ಳಿ ಬೆಳೆದು ನೋಡಿದರು. ನದಿ ನೀರು, ಚಳಿಗಾಲದಲ್ಲೂ ಬೆಚ್ಚಗಿರುವ ಬಿಸಿಲು, ಬಾಗಿಲಿಗೇ ರೈಲು. ಉತ್ತರದ ಊರುಗಳಲ್ಲಿ ಇನ್ನೂ ಹಿಮ ಕರಗುವ ಹೊತ್ತಿಗೆ ಇಲ್ಲಿಂದ ಹೊಸ ಈರುಳ್ಳಿ ವ್ಯಾಗನ್ ತುಂಬಿ ಹೋಗುತ್ತಿತ್ತು. ಕೆಲವೇ ವರ್ಷದಲ್ಲಿ ಊರಿಗೆ ಊರೇ ಈರುಳ್ಳಿ ಮೇಲೆ ನಿಂತಿತು. 1910ರಲ್ಲಿ ಸೌತ್‌ವೆಸ್ಟ್ ಟೆಕ್ಸಾಸ್ ಲೀಗ್ ಎಂಬ ವೃತ್ತಿಪರ ಲೀಗ್ ಶುರುವಾದಾಗ ಲರೇಡೋ ತನ್ನ ತಂಡಕ್ಕೆ ಇಟ್ಟುಕೊಂಡ ಹೆಸರೇನು ಗೊತ್ತಾ? ಲರೇಡೋ ಬರ್ಮುಡಾಸ್! ತಾವು ಬೆಳೆದ ಈರುಳ್ಳಿಯ ಹೆಸರು. ಕಾರ್ಪಸ್ ಕ್ರಿಸ್ಟಿ, ಬ್ರೌನ್ಸ್‌ವಿಲ್, ವಿಕ್ಟೋರಿಯಾ, ಬೀವಿಲ್ ತಂಡಗಳೂ ಆ ಲೀಗ್‌ನಲ್ಲಿದ್ದವು. 1910, 1911 ಎರಡೇ ಸೀಸನ್. ಆಮೇಲೆ ಲೀಗ್ ಮುಚ್ಚಿತು.

ಎರಡೇ ವರ್ಷ ಇದ್ದ ತಂಡ ಅಂತ ಸುಮ್ನೆ ದಾಟಿ ಹೋಗಬೇಡಿ. ಹೆಚ್ಚಿನ ಊರುಗಳು ತಂಡಕ್ಕೆ ಹುಲಿ, ಸಿಂಹ ಅಂತ ಹೆಸರಿಡುತ್ತವೆ. ಇವರು ತಮ್ಮ ಹೊಲದ ಬೆಳೆಯನ್ನು ಅಂಗಿಯ ಎದೆ ಮೇಲೆ ಬರೆಸಿಕೊಂಡರು. ಓದಿದ ದಿನ ನಮ್ಮ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ. ಅವರು ಎರಡು ಸಲ ಕೇಳಿಸಿಕೊಂಡರು.

ಹಳೇನಕ್ಷೆ

ಅಕ್ಕ, ಇದು ನನಗೆ ಗೊತ್ತೇ ಇರಲಿಲ್ಲ. ಆ ಬರ್ಮುಡಾಸ್ ತಂಡದಲ್ಲಿ ನದಿಯಾಚೆಯ ಹುಡುಗರು ಇದ್ದರಾ ಅನ್ನುವ ಕುತೂಹಲ ಈಗ.

ಇತಿಹಾಸದ ಮೇಷ್ಟ್ರು

ಅದಕ್ಕೆ ಮೊದಲು ಈ ಎರಡು ಊರುಗಳ ಸಂಬಂಧ ತಿಳಿಯಬೇಕು. ಲರೇಡೋ ಹುಟ್ಟಿದ್ದು 1755ರಲ್ಲಿ. ತೊಮಾಸ್ ಸಾಂಚೆಸ್ ಎಂಬವರು ಕೆಲವು ಕುಟುಂಬಗಳ ಜೊತೆ ಬಂದು ನೆಲೆಸಿದರು. ಆಗ ಅದು ಸ್ಪೇನ್ ಆಳುತ್ತಿದ್ದ ಸೀಮೆ. 1848ರಲ್ಲಿ ಯುದ್ಧ ಮುಗಿದು ಗ್ವಾದಲೂಪೆ ಇದಾಲ್ಗೊ ಒಪ್ಪಂದವಾದಾಗ ನದಿಯೇ ಗಡಿ ಆಯಿತು. ಹಳೇ ಊರು ಅಮೆರಿಕಕ್ಕೆ ಸೇರಿಹೋಯಿತು. ಮೆಕ್ಸಿಕೋದವರಾಗಿಯೇ ಉಳಿಯಬೇಕು ಅಂದ ಕುಟುಂಬಗಳು ನದಿ ದಾಟಿ ಹೊಸ ಊರು ಕಟ್ಟಿದವು. ನುವೆವೊ ಅಂದರೆ ಹೊಸದು. ಹೋಗುವಾಗ ಗೋರಿಗಳನ್ನು ಅಗೆದು ಹಿರಿಯರ ಮೂಳೆಗಳನ್ನೂ ಹೊತ್ತುಕೊಂಡು ಹೋದರು ಅಂತ ಆ ಊರಿನವರು ಹೇಳಿಕೊಳ್ಳುತ್ತಾರೆ. ಪೂರ್ತಿ ನಿಜವೋ ಇಲ್ಲವೋ, ಅದನ್ನು ಹೇಳುವಾಗ ಅವರ ದನಿ ಬದಲಾಗುತ್ತದೆ.

ಹಾಗಾಗಿ ಈಚೆಗೆ ಅಣ್ಣ, ಆಚೆಗೆ ತಮ್ಮ. ಮದುವೆ, ಬಾಣಂತನ, ತಿಥಿ ಎಲ್ಲಕ್ಕೂ ದೋಣಿಯಲ್ಲಿ ಓಡಾಟ. ಈಗ ಗಡಿಯಾಚೆ ಅವರ ಪ್ರಶ್ನೆಗೆ ಇನ್ನೊಂದು ಉತ್ತರ ಸಿಗುತ್ತದೆ. ಯಾವ ದಡದಲ್ಲಿ ಮೊದಲು ಆಡಿದರು ಅನ್ನುವುದಕ್ಕೆ ಆ ಕಾಲದ ಜನರ ಮಟ್ಟಿಗೆ ಜಾಸ್ತಿ ಅರ್ಥ ಇರಲಿಲ್ಲ. ಈ ದಡದಲ್ಲಿ ನೋಡಿದ್ದನ್ನು ಮುಂದಿನ ಭಾನುವಾರ ಆ ದಡದಲ್ಲಿ ಆಡಬಹುದಿತ್ತು.

ದಾಖಲೆ ಯಾಕೆ ಸಿಗುವುದಿಲ್ಲ ಅನ್ನುವುದಕ್ಕೂ ಒಂದು ನೋವಿನ ಕಾರಣ ಇದೆ. 1914ರ ಏಪ್ರಿಲ್‌ನಲ್ಲಿ, ಮೆಕ್ಸಿಕೋದ ಕ್ರಾಂತಿಯ ನಡುವೆ, ಊರು ಬಿಟ್ಟು ಹೊರಟ ಸರ್ಕಾರಿ ಸೈನ್ಯ ನುವೆವೊ ಲರೇಡೋಗೆ ಬೆಂಕಿ ಇಟ್ಟಿತು. ಹಲವು ಸರ್ಕಾರಿ ಕಟ್ಟಡಗಳು ಸುಟ್ಟುಹೋದವು. ಜನ ನದಿ ದಾಟಿ ಲರೇಡೋದ ನೆಂಟರ ಮನೆ ಸೇರಿದರು. ಒಂದು ಕ್ಲಬ್ಬಿನ ಚಂದಾ ಪುಸ್ತಕ, ಒಂದು ಗುಂಪಿನ ಫೋಟೋ ಅಂಥ ಬೆಂಕಿಯಲ್ಲಿ ಉಳಿಯುತ್ತದೆಯೇ? ಅಜ್ಜಂದಿರ ಬಾಯಿಮಾತೇ ದಾಖಲೆ ಆಗಿದ್ದು ಹೀಗೆ. ಅವರನ್ನು ಸುಳ್ಳುಗಾರರು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಗೋಡೆಗಡಿಯಾರ

ಮೇಷ್ಟ್ರೇ, ಆ ಕೊನೆಯ ಪ್ಯಾರಾ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಗಡಿಯಾಚೆ

ಕ್ರಾಂತಿ ಮುಗಿದ ಮೇಲಿನದನ್ನು ನಾನು ಬೇಗ ಹೇಳಿಬಿಡುತ್ತೇನೆ. ಮೆಕ್ಸಿಕನ್ ಲೀಗ್ ಶುರುವಾಗಿದ್ದು 1925ರಲ್ಲಿ. 1936ರಲ್ಲಿ ಲರೇಡೋದಿಂದ ಮೆಕ್ಸಿಕೋ ನಗರಕ್ಕೆ ಹೆದ್ದಾರಿ ತೆರೆಯಿತು. ರೈಲಿನ ಜೊತೆ ಮೋಟಾರೂ ಬಂತು, ತಂಡಗಳ ಓಡಾಟ ಸಲೀಸಾಯಿತು. ನುವೆವೊ ಲರೇಡೋದ 'ಲಾ ಹುಂತಾ' ತಂಡ 1940ರಲ್ಲಿ ಮೆಕ್ಸಿಕನ್ ಲೀಗ್‌ಗೆ ಸೇರಿತು. ಹುಂತಾ ಅಂದರೆ ಮಂಡಳಿ. ಆಮೇಲೆ ತಂಡಕ್ಕೆ ತೆಕೊಲೋತೆಸ್ ಅನ್ನುವ ಹೆಸರು ನಿಂತಿತು. 1947ರಲ್ಲಿ ಕಟ್ಟಿದ ಮೈದಾನಕ್ಕೆ ಮಾತ್ರ ಇವತ್ತಿಗೂ ಪಾರ್ಕೆ ಲಾ ಹುಂತಾ ಅಂತಲೇ ಹೆಸರು.

ಆ ಕಾಲದ ಒಂದು ವಿಷಯ ಮಾತ್ರ ನಿಧಾನವಾಗಿ ಹೇಳಬೇಕು. ಆಗ ಅಮೆರಿಕದ ದೊಡ್ಡ ಲೀಗ್‌ಗಳಲ್ಲಿ ಕಪ್ಪು ಜನರಿಗೆ ಜಾಗ ಇರಲಿಲ್ಲ. ಜಾಶ್ ಗಿಬ್ಸನ್, ಕೂಲ್ ಪಾಪಾ ಬೆಲ್, ರೇ ಡ್ಯಾಂಡ್ರಿಜ್, ವಿಲ್ಲಿ ವೆಲ್ಸ್ ಅಂಥ ದೊಡ್ಡ ಆಟಗಾರರು ಮೆಕ್ಸಿಕೋಗೆ ಬಂದು ಆಡಿದರು. ಅಲ್ಲಿ ಬೇರೆಯವರು ಇಳಿದುಕೊಂಡ ಹೋಟೆಲಿನಲ್ಲೇ ಇವರಿಗೂ ಕೋಣೆ, ಬೇರೆಯವರು ಊಟ ಮಾಡಿದ ಮೇಜಿನಲ್ಲೇ ಊಟ. ಅಮೆರಿಕದಲ್ಲಿ ಜಾಕಿ ರಾಬಿನ್‌ಸನ್ ಎಂಬ ಕಪ್ಪು ಆಟಗಾರ ಮೇಜರ್ ಲೀಗ್ ಮೈದಾನಕ್ಕೆ ಇಳಿದಿದ್ದು 1947ರಲ್ಲಿ. ಗಡಿ ಅಂದರೆ ತಡೆ ಅಂತ ನಾವು ಅಂದುಕೊಳ್ಳುತ್ತೇವೆ. ಇವರಿಗೆ ಆ ನದಿ ಬಾಗಿಲಾಗಿತ್ತು.

ಹಳೇನಕ್ಷೆ

ನಾನು ನೋಡಿದ ಪಂದ್ಯದ ತಂಡದ ಬಗ್ಗೆಯೂ ಎರಡು ಮಾತು ಸೇರಿಸುತ್ತೇನೆ. ತೆಕೊಲೋತೆಸ್ 1953, 1954, 1958, 1977, 1989ರಲ್ಲಿ ಲೀಗ್ ಗೆದ್ದಿದೆ. ಎರಡೂ ದೇಶದಲ್ಲಿ ತವರಿನ ಪಂದ್ಯ ಆಡುವ ಪದ್ಧತಿ ಶುರುವಾಗಿದ್ದು 1985ರಲ್ಲಿ. ನಡುವೆ ನಿಂತುಹೋಗಿ, 2018ರಲ್ಲಿ ಮತ್ತೆ ಶುರುವಾಯಿತು. ಈಚೆ ಕಡೆ ಆಡುವುದು 2012ರಲ್ಲಿ ತೆರೆದ ಯೂನಿ-ಟ್ರೇಡ್ ಸ್ಟೇಡಿಯಂನಲ್ಲಿ.

ಮುಂದಿನ ತಿಂಗಳು ಮತ್ತೆ ಲರೇಡೋಗೆ ಹೋಗುತ್ತಿದ್ದೇನೆ, ನಾಲ್ಕು ದಿನ ಇರುತ್ತೇನೆ. ಲರೇಡೋ ಟೈಮ್ಸ್ ಪತ್ರಿಕೆ ಶುರುವಾಗಿದ್ದು 1881ರಲ್ಲಿ, ರೈಲು ಬಂದ ವರ್ಷವೇ. ಹಳೇ ಸಂಚಿಕೆಗಳನ್ನು ಎಷ್ಟು ಸಿಗುತ್ತವೋ ಅಷ್ಟು ಕೂತು ನೋಡುವ ಆಸೆ. ಎಲ್ಲಿಂದ ಶುರು ಮಾಡಲಿ?

ರೈಲುಹಳಿ

ಎಲ್ಲಾ ಸಂಚಿಕೆ ನೋಡಲು ಹೋಗಬೇಡ ತಮ್ಮಾ, ನಾಲ್ಕು ದಿನ ಸಾಲುವುದಿಲ್ಲ. ರಜೆಯ ದಿನಗಳ ಮಾರನೇ ದಿನದ ಪತ್ರಿಕೆ ತೆಗೆದುಕೋ. ಜುಲೈ 4, ಅಮೆರಿಕದವರ ಸ್ವಾತಂತ್ರ್ಯ ದಿನ. ಸೆಪ್ಟೆಂಬರ್ 16, ಮೆಕ್ಸಿಕೋದವರದು. 1882ರಿಂದ 1889ರವರೆಗೆ ಈ ಎರಡು ದಿನ ನೋಡಿದರೆ ಸಾಕು. ಕೆಲಸಗಾರರು ಆಡಿದ್ದರೆ ಆ ದಿನಗಳಲ್ಲೇ ಆಡಿರುತ್ತಾರೆ.

ಇತಿಹಾಸದ ಮೇಷ್ಟ್ರು

ಮೇ 5 ಕೂಡ ಸೇರಿಸಿಕೊಳ್ಳಿ, ಪ್ಯೂಬ್ಲಾದಲ್ಲಿ ಫ್ರೆಂಚರನ್ನು ಸೋಲಿಸಿದ ದಿನ. 1898ರಿಂದ ಈಚೆಗೆ ಫೆಬ್ರವರಿ 22 ನೋಡಿ. ಅಂದು ಲರೇಡೋದಲ್ಲಿ ಜಾರ್ಜ್ ವಾಷಿಂಗ್ಟನ್ ಹುಟ್ಟುಹಬ್ಬವನ್ನು ಊರ ಜಾತ್ರೆಯಂತೆ ಮಾಡುತ್ತಾರೆ. ಮತ್ತೊಂದು, 'ಬೇಸ್‌ಬಾಲ್' ಅನ್ನುವ ಪದ ಮಾತ್ರ ಹುಡುಕಬೇಡಿ. ಆಗ ಅದನ್ನು ಎರಡು ಪದವಾಗಿ ಬಿಡಿಸಿ ಬರೆಯುತ್ತಿದ್ದರು. ಸ್ಪ್ಯಾನಿಷ್ ಬರಹದಲ್ಲಿ ತಂಡಕ್ಕೆ 'ನೊವೇನಾ' ಅನ್ನುತ್ತಾರೆ, ಒಂಬತ್ತು ಜನರ ಗುಂಪು ಅಂತ.

ಈರುಳ್ಳಿ ಹೊಲ

1910, 1911ರ ಬೇಸಿಗೆ ನನಗೋಸ್ಕರ ನೋಡಿ ತಮ್ಮಾ. ಬರ್ಮುಡಾಸ್ ಆಟಗಾರರ ಹೆಸರು ಒಂದಿಷ್ಟು ಸಿಕ್ಕರೂ ಸಾಕು. ಫೋಟೋ ಸಿಕ್ಕರೆ ಇಲ್ಲಿ ಹಾಕಿ, ಅಪ್ಪನಿಗೆ ತೋರಿಸುತ್ತೇನೆ.

ಹಳೇನಕ್ಷೆ

ಬರೆದುಕೊಂಡೆ. ಫೆಬ್ರವರಿ 22, ಮೇ 5, ಜುಲೈ 4, ಸೆಪ್ಟೆಂಬರ್ 16. ಅಕ್ಕನಿಗೆ 1910, 1911. ಬಂದ ಮೇಲೆ ಇಲ್ಲೇ ಬರೆಯುತ್ತೇನೆ.